ಕತ್ತಲೆ ಕೋಣೆಯಲ್ಲಿ ಕಂಡ ಮೂರು ಬಿಳಿ

ಬಿಳಿ ಅಂದರೆ ಒಂದೇ ಬಣ್ಣ ಎಂದು ತಿಳಿದವರು ಗೇರುಬೀಜದ ಫ್ಯಾಕ್ಟರಿಯಲ್ಲಿ ಕೂತವರಲ್ಲ. ನಾನು ಕೂತವಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಮದುವೆಯಾದ ಎರಡನೇ ವರ್ಷಕ್ಕೆ ಹೆಮ್ಮಾಡಿ ಹತ್ತಿರದ ಫ್ಯಾಕ್ಟರಿ ಸೇರಿದೆ, ಮೊಮ್ಮಗಳು ಹುಟ್ಟಿದ ವರ್ಷ ಬಿಟ್ಟೆ. ಅಷ್ಟು ವರ್ಷವೂ ನನ್ನದು ಗ್ರೇಡಿಂಗ್ ಕೆಲಸ. ಸಿಪ್ಪೆ ಬಿಡಿಸಿದ ತಿರುಳನ್ನು ಮೇಜಿನ ಮೇಲೆ ಸುರಿಯುತ್ತಾರೆ. ನಾವು ಬಣ್ಣ ನೋಡಿ, ಗಾತ್ರ ನೋಡಿ ಬೇರೆ ಬೇರೆ ರಾಶಿ ಮಾಡಬೇಕು. ಹಾಲಿನ ಬಿಳಿ ಒಂದು, ಕೆನೆಯ ಬಿಳಿ ಒಂದು, ಬಿಸಿ ಸ್ವಲ್ಪ ಹೆಚ್ಚಾಗಿ ಹೊಂಬಣ್ಣಕ್ಕೆ ಹೊರಳಿದ ಬಿಳಿ ಇನ್ನೊಂದು, ಬೂದಿ ಮೆತ್ತಿದಂಥ ಬಿಳಿ ಮತ್ತೊಂದು. ಹೊಸದಾಗಿ ಬಂದ ಹುಡುಗಿಯರಿಗೆ ಎಲ್ಲ ಒಂದೇ ಥರ ಕಾಣುತ್ತದೆ. ಮೂರು ತಿಂಗಳು ಕಿಟಕಿ ಹತ್ತಿರ ಕೂತರೆ ಕಣ್ಣು ತಾನಾಗಿ ತಿಳಿಯಾಗುತ್ತದೆ.

ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಅನುಮಾನ ಬಂದ ತಿರುಳನ್ನು ಕೈಯಲ್ಲಿ ಹಿಡಿದು ಯೋಚನೆ ಮಾಡುತ್ತ ಕೂರುವ ಹಾಗಿಲ್ಲ. ಅನುಮಾನ ಬಂತೋ, ಕೆಳಗಿನ ದರ್ಜೆಯ ರಾಶಿಗೆ ಹಾಕಬೇಕು. ಒಳ್ಳೆಯದರಲ್ಲಿ ಕೆಟ್ಟದ್ದೊಂದು ಸೇರಿದರೆ ಇಡೀ ಡಬ್ಬಿ ವಾಪಸು ಬರುತ್ತದೆ. ಕೆಟ್ಟದರಲ್ಲಿ ಒಳ್ಳೆಯದು ಸೇರಿದರೆ ಯಾರೂ ಕೇಳುವುದಿಲ್ಲ. ಈ ಅಭ್ಯಾಸ ನನ್ನ ಕೈಗೆ ಎಷ್ಟು ಹತ್ತಿತ್ತು ಅಂದರೆ ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಅಂಗಡಿಯವನೇ ಬೇಜಾರು ಮಾಡಿಕೊಳ್ಳುತ್ತಿದ್ದ.

ಫ್ಯಾಕ್ಟರಿಯ ಹೆಂಗಸರು ತಮ್ಮ ಮುಖವನ್ನೂ ನನ್ನ ಹತ್ತಿರವೇ ತರುತ್ತಿದ್ದರು. ಬೀಜ ಒಡೆಯುವ ಕಡೆ ಕೂತವರ ಕೆನ್ನೆಯಲ್ಲಿ ಕಪ್ಪು ಕಲೆ ಎದ್ದರೆ ಅದು ಚರ್ಮ ಸುಡುವ ಗೇರೆಣ್ಣೆ ಸಿಡಿದದ್ದೋ, ಬಂಗೋ ಅಂತ ಕೇಳುವುದು. ನಾನು ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ಹೇಳುತ್ತಿದ್ದೆ. ಬಂಗು ಎರಡೂ ಕೆನ್ನೆಗೆ ಸಮ ಹಂಚಿಕೊಂಡು ಬರುತ್ತದೆ, ಅದರ ಅಂಚು ಹೊಗೆಯ ಹಾಗೆ. ಗೇರೆಣ್ಣೆಯದಾದರೆ ಹನಿ ಬಿದ್ದಲ್ಲಿ ಚುಕ್ಕಿ, ಗೊತ್ತಿಲ್ಲದೆ ಕೈ ಒರೆಸಿಕೊಂಡಲ್ಲಿ ಗೀರು. ಹತ್ತರಲ್ಲಿ ಒಂಬತ್ತು ಸಲ ನನ್ನ ಮಾತು ಸರಿಯಾಗುತ್ತಿತ್ತು. "ಮೋರಿ ಗ್ರೇಡಿಂಗೂ ಇವ್ಳದ್ದೇ" ಅಂತ, ಅಂದರೆ ಮುಖದ ಗ್ರೇಡಿಂಗೂ ನನ್ನದೇ ಅಂತ, ನಗುತ್ತಿದ್ದರು. ನನಗೂ ಒಳಗೊಳಗೆ ಜಂಬ ಇತ್ತು, ಇಲ್ಲ ಅನ್ನುವುದಿಲ್ಲ.

ಆ ಜಂಬ ಇಳಿದದ್ದು ಮೊಮ್ಮಗಳ ಕೆನ್ನೆಯಿಂದ.

ಮಗಳು ನನ್ನ ಜೊತೆಗೇ ಇರುವುದು. ಅವಳು ಕುಂದಾಪುರದ ಜವಳಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅಳಿಯ ಬೈಂದೂರಿಗೂ ಬ್ರಹ್ಮಾವರಕ್ಕೂ ಬಸ್ಸು ಓಡಿಸುವವನು, ಬೆಳಿಗ್ಗೆ ಹೊರಟರೆ ಕತ್ತಲಾದ ಮೇಲೆಯೇ ಮನೆ. ಹಾಗಾಗಿ ಎಂಟು ವರ್ಷದ ಹುಡುಗಿ ದೊಡ್ಡ ರಜೆಯಲ್ಲಿ ಇಡೀ ದಿನ ನನ್ನ ಪಾಲಿಗೆ. ಇಡೀ ದಿನ ಅಂದರೆ, ಅವಳು ಮನೆಯೊಳಗೆ ಇದ್ದಷ್ಟು ಹೊತ್ತು. ಕೊಯ್ಲಾದ ಗದ್ದೆಯಲ್ಲಿ ಮಕ್ಕಳೆಲ್ಲ ಸೇರಿ ಕ್ರಿಕೆಟ್ ಆಡುತ್ತಾರೆ. ಇವಳು ಬಾಲ್ ಹಾಕುವವಳು. ಏಪ್ರಿಲ್ ಮುಗಿಯುವಷ್ಟರಲ್ಲಿ ಮುಖ, ಕೈಕಾಲು ಸುಟ್ಟ ಹಂಚಿನ ಬಣ್ಣಕ್ಕೆ ಬಂದಿತ್ತು.

ಒಂದು ದಿನ ಬೆಳಿಗ್ಗೆ ಮಗಳು ಜಡೆ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು.

"ಅಮ್ಮ, ಇದ್ ಎಂತ ಕಾಣ್. ಇವ್ಳ ಕೆನ್ನಿ ಮೇಲೆ."

ಹೋಗಿ ನೋಡಿದೆ. ಕೆನ್ನೆಯ ಮೇಲೆ ಎಂಟಾಣೆ ನಾಣ್ಯದಷ್ಟು ಅಗಲದ ಬಿಳಿ. ಅದರ ಪಕ್ಕದಲ್ಲಿ ಇನ್ನೊಂದು, ಚಿಕ್ಕದು.

"ಚಿಬ್ಬು" ಅಂದೆ ತಕ್ಷಣ. ಬೆವರಿಗೆ ಬರುವ ಚಿಬ್ಬು ನಮ್ಮ ಕಡೆ ಯಾರಿಗಿಲ್ಲ? ಉಗುರಿನಿಂದ ಮೆಲ್ಲಗೆ ಕೆರೆದೆ. ಚಿಬ್ಬಾದರೆ ಸಣ್ಣ ಹುಡಿ ಏಳಬೇಕು. ಸ್ವಲ್ಪ ಎದ್ದ ಹಾಗಾಯಿತು, ಅದು ಚರ್ಮದ್ದೋ ಅವಳಮ್ಮ ಬಳಿದ ಪೌಡರಿನದ್ದೋ ಗೊತ್ತಾಗಲಿಲ್ಲ. ಆಗ ಮೊದಲ ಸಲ ಅನುಮಾನ ಬಂತು.

ಅನುಮಾನ ಬಂದರೆ ನನ್ನ ಕೈ ಎಲ್ಲಿಗೆ ಹೋಗುತ್ತದೆ ಅಂತ ಹೇಳಿದೆನಲ್ಲ. ಮಗಳು ಕೆಲಸಕ್ಕೆ ಹೋದ ಮೇಲೆ ಹುಡುಗಿಯನ್ನು ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿದೆ. ಡಬ್ಬಿಯಿಂದ ಒಂದು ಗೇರುಬೀಜ ತೆಗೆದು ಕೆನ್ನೆಗೆ ಹಿಡಿದು ಬಣ್ಣ ಹೋಲಿಸಿದೆ. ಫ್ಯಾಕ್ಟರಿಯಲ್ಲಿ ಹಾಗೆಯೇ ಮಾಡುವುದು, ಒಂದನ್ನೇ ದಿಟ್ಟಿಸಿದರೆ ಕಣ್ಣು ಮೋಸ ಹೋಗುತ್ತದೆ, ಗೊತ್ತಿರುವ ಬಣ್ಣವನ್ನು ಪಕ್ಕಕ್ಕೆ ಇಡಬೇಕು. ನಾನು ನೋಡಿ ಮುಗಿಸುವ ಮೊದಲೇ ಅವಳು ಕತ್ತು ತಿರುಗಿಸಿ ಬೀಜವನ್ನು ಬಾಯಿಗೆ ಹಾಕಿಕೊಂಡಳು.

"ಇನ್ನೊಂದ್ ತಕಂಡ್ ಬಾ ಅಮ್ಮಮ್ಮ. ಸಮಾ ಕಾಂಬುಕೆ ಆಯ್ಲಿಲ್ಲೆ ಅಲ್ದಾ ನಿಂಗೆ" ಅಂದಳು.

ನನಗೆ ನಗು ಬರಲಿಲ್ಲ. ಚರ್ಮದ ಬಿಳಿಯಲ್ಲಿ ಆ ಕೆಳಗಿನ ರಾಶಿಗೆ ಒಂದು ಹೆಸರಿದೆ, ಅದನ್ನು ಆ ದಿನ ಬಾಯಿಬಿಟ್ಟು ಹೇಳಲಿಲ್ಲ. ಈಗ ಹೇಳುತ್ತೇನೆ. ತೊನ್ನು.

ನನ್ನ ದೊಡ್ಡಕ್ಕನಿಗೆ ಇತ್ತು. ಅವಳದ್ದೂ ಕಣ್ಣಿನ ಕೆಳಗೆ ಒಂದು ಚುಕ್ಕಿಯಿಂದ ಶುರುವಾದದ್ದು. ಆಮೇಲೆ ತುಟಿ, ಬೆರಳು, ಪಾದ. ಮನೆಯವರು ಯಾರೂ ಅವಳನ್ನು ಬೈದವರಲ್ಲ, ದೂರ ಕಳಿಸಿದವರೂ ಅಲ್ಲ. ಆದರೆ ಅಕ್ಕ ನೀರಿನ ಲೋಟ ತಂದರೆ ನಾನು ಅವಳ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಅವಳು ನೆಲದ ಮೇಲೆ ಇಡುತ್ತಿದ್ದಳು, ನಾನು ಆಮೇಲೆ ಎತ್ತಿಕೊಳ್ಳುತ್ತಿದ್ದೆ. ಹೀಗೆ ಮಾಡು ಅಂತ ನನಗೆ ಯಾರೂ ಹೇಳಿಕೊಟ್ಟದ್ದಿಲ್ಲ. ಹೀಗೆ ಇಡು ಅಂತ ಅವಳಿಗೂ ಯಾರೂ ಹೇಳಿರಲಿಲ್ಲ. ಅಕ್ಕ ತೀರಿಹೋಗಿ ಬಹಳ ವರ್ಷವಾಯಿತು. ಮೊಮ್ಮಗಳ ಕೆನ್ನೆ ನೋಡಿದ ದಿನ ನನ್ನ ಕಣ್ಣ ಮುಂದೆ ನಿಂತದ್ದು ನೆಲದ ಮೇಲಿನ ಆ ಲೋಟ. ಈ ಹುಡುಗಿಯೂ ನಾಳೆ ಯಾರ ಮುಂದಾದರೂ ಹಾಗೆ ಬಗ್ಗಿ ಲೋಟ ಇಡಬೇಕಾ ಅಂತ.

ಮರುದಿನದಿಂದ ನನ್ನದೇ ಕಾನೂನು ಶುರುವಾಯಿತು. ಬಿಸಿಲಿಗೆ ಹೋಗಬಾರದು. ಹುಳಿ ಬೇಡ. ಮೀನು ತಿಂದು ಹಾಲು ಕುಡಿದರೆ ಬಿಳಿ ಏಳುತ್ತದೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದದ್ದು ನೆನಪಾಗಿ ಮೀನೂ ಬಂದ್. ಹಾಲು ಬಿಡಿಸಬಹುದಿತ್ತು, ಅದು ಹೊಳೆಯಲೇ ಇಲ್ಲ.

"ಎಂತಕ್ ಮೀನಿಲ್ಲೆ?" ಹುಡುಗಿ ತಟ್ಟೆಯ ಮುಂದೆ ಕೂತು ಕೇಳಿದಳು.

"ನಿಂಗ್ ಆತಿಲ್ಲೆ. ತಿಂಬುಕಾಗ."

"ನೀ ತಿಂತಿದ್ದೆ ಅಲ್ದಾ?"

"ನಂಗ್ ವಯಸ್ಸಾಯ್ತ್."

"ವಯಸ್ಸಾದ್ರ್ ಮಾತ್ರ ಬಂಗುಡೆ ಕೊಡ್ತ್ರಾ?"

ಒಂದು ವಾರ ಹೀಗೆ ನಡೆಯಿತು. ಬೆಳಿಗ್ಗೆ ಎದ್ದ ಕೂಡಲೇ ಅವಳ ಮುಖ ನೋಡುವುದು, ಮಧ್ಯಾಹ್ನ ಮಲಗಿದಾಗ ನೋಡುವುದು. ನೋಡಿದಷ್ಟೂ ಬಿಳಿ ಹೆಚ್ಚಾದ ಹಾಗೆ. ಹಟ್ಟಿಯಂಗಡಿ ಗಣಪತಿಗೆ ಹೇಳಿಕೊಂಡೆ. ಪರಿಚಯದವರೊಬ್ಬರಿಂದ ಬಾವಂಚಿ ಎಣ್ಣೆಯ ಸಣ್ಣ ಬಾಟ್ಲಿ ತರಿಸಿದೆ, ತೊನ್ನಿಗೆ ಹಚ್ಚುವುದು ಅದನ್ನೇ. ಹತ್ತಿಯಲ್ಲಿ ಅದ್ದಿ ಇನ್ನೇನು ಕೆನ್ನೆಗೆ ಹಚ್ಚಬೇಕು, ಮಗಳು ಬಾಗಿಲಲ್ಲಿ ನಿಂತಿದ್ದಳು. ಅಂಗಡಿಗೆ ಆವತ್ತು ಮಧ್ಯಾಹ್ನದ ಮೇಲೆ ರಜೆಯಂತೆ.

ಅವಳು ಬಾಟ್ಲಿ ತೆಗೆದುಕೊಂಡು ಮೂಸಿ ನೋಡಿದಳು. ಮಗಳಿಗೆ ವಾಸನೆಯಿಂದ ಅಲ್ಲ, ನನ್ನ ಮುಖದಿಂದ ಗೊತ್ತಾಯಿತು.

"ನೀ ಅದೇ ಅಂದ್ ತೀರ್ಮಾನ ಮಾಡಿದ್ಯಾ?"

ನಾನು ಹತ್ತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಡಾಕ್ಟ್ರ್ ಕಾಣದೆ ಇವ್ಳ ಮೋರಿಗೆ ಒಂದ್ ಹನಿ ಹಚ್ಚುಕಾಗ. ನಾಳೆಗೇ ಹೋಪ. ಅದೇ ಆಗಿದ್ರೆ ಅದೇ, ಮದ್ದ್ ಮಾಡುವ. ನಿನ್ನ್ ಕಣ್ಣಿಗೆ ಕಂಡದ್ದೇ ಕಡೆ ಅಲ್ಲ ಅಮ್ಮ."

ನನಗೆ ಸಿಟ್ಟು ಬಂತು. ಅಷ್ಟೂ ವರ್ಷ ಕಣ್ಣಿನಿಂದಲೇ ಅನ್ನ ತಿಂದವಳು ನಾನು. ಆದರೆ ಬಾಟ್ಲಿ ಅವಳ ಕೈಯಲ್ಲಿತ್ತು.

ಕುಂದಾಪುರದಲ್ಲಿ ಚರ್ಮದ ಡಾಕ್ಟರು ಒಬ್ಬರು ಹೆಂಗಸು. ಬಸ್ಸಿಳಿದು ಹೋಗುವಾಗ ಹುಡುಗಿಯ ಮುಖಕ್ಕೆ ನಾನು ಇನ್ನೊಂದು ಸಲ ಪೌಡರ್ ಬಳಿದೆ, ದಾರಿಯಲ್ಲಿ ಯಾರಾದರೂ ಪರಿಚಯದವರು ಸಿಕ್ಕರೆ ಅಂತ. ಒಳಗೆ ಬೆಂಚಿನ ಮೇಲೆ ಹತ್ತು ಹನ್ನೆರಡು ಜನ ಕಾಯುತ್ತಿದ್ದರು. ಎದುರು ಕೂತ ಕಾಲೇಜು ಹುಡುಗನ ಮುಖ ತುಂಬ ಗುಳ್ಳೆ. ಅವನ ಪಕ್ಕದ ಹೆಂಗಸಿನ ಕೆನ್ನೆ, ಮೂಗಿನ ಮೇಲೂ ಕೆಂಪು ಗುಳ್ಳೆ. ನನ್ನ ಕಣ್ಣು ಸುಮ್ಮನಿರುತ್ತದಾ? ಎರಡೂ ಮೊಡವೆ ಅಂದುಕೊಂಡು ಒಂದೇ ರಾಶಿಗೆ ಹಾಕಿದೆ. ಆಮೇಲೆ ಗಮನ ಕೊಟ್ಟು ನೋಡಿದರೆ ಹುಡುಗನ ಗುಳ್ಳೆಗಳ ನಡುವೆ ಕಪ್ಪು ತಲೆಯ ಸಣ್ಣ ಕಾಳುಗಳಿವೆ, ಹಣೆಯಿಂದ ಗದ್ದದವರೆಗೂ ಜಿಡ್ಡು. ಹೆಂಗಸಿಗೆ ಒಂದೂ ಕಪ್ಪು ಕಾಳಿಲ್ಲ, ಚರ್ಮ ಒಣಗಿದೆ, ಗುಳ್ಳೆಯ ಹಿಂದೆ ಇಡೀ ಕೆನ್ನೆಯೇ ಒಲೆ ಮುಂದೆ ಕೂತವರ ಹಾಗೆ ಕೆಂಪು. ಇದು ಬೇರೆ, ಅದು ಬೇರೆ. ಹೆಸರು ನನಗೆ ಗೊತ್ತಿಲ್ಲ. ಬೇರೆ ಅಂತ ಮಾತ್ರ ಗೊತ್ತಾಯಿತು. ಮೊದಲು ನೋಡಿದ್ದು ತಪ್ಪಾಗಿತ್ತು ಅಂತಲೂ ಗೊತ್ತಾಯಿತು. ಅಲ್ಲಿಂದ ನಾನು ಹುಡುಗಿಯ ಕೆನ್ನೆಯ ಕಡೆಗೇ ತಿರುತಿರುಗಿ ನೋಡತೊಡಗಿದೆ. ಅದು ಹೆದರಿಕೆಯೋ ಆಸೆಯೋ ಹೇಳಲಾರೆ.

ನಮ್ಮ ಸರದಿ ಬಂತು. ಡಾಕ್ಟ್ರಮ್ಮ ನಲವತ್ತರ ಆಸುಪಾಸಿನವರು, ನಮ್ಮ ಮಾತೇ ಆಡುವವರು. ಹುಡುಗಿಯನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿದರು.

"ಇದ್ ಕಂಡ್ ಎಷ್ಟ್ ದಿನ ಆಯ್ತ್?"

"ಎಂಟ್ ಹತ್ತ್ ದಿನ" ಅಂದಳು ಮಗಳು.

"ತುರಿಸ್ತಾ ಮಗಾ?"

"ಇಲ್ಲೆ" ಅಂದಳು ಹುಡುಗಿ. "ತುರ್ಸುದಿಲ್ಲೆ, ನೋವಿಲ್ಲೆ, ಎಂತದೂ ಇಲ್ಲೆ. ಮೀನ್ ಮಾತ್ರ ಇಲ್ಲೆ."

"ಮೀನ್ ಎಂತಕಿಲ್ಲೆ?"

ಹುಡುಗಿ ಬೆರಳೆತ್ತಿ ನನ್ನನ್ನು ತೋರಿಸಿದಳು. ಡಾಕ್ಟ್ರಮ್ಮ ನನ್ನ ಕಡೆ ಒಂದು ಸಲ ನೋಡಿ, ಒದ್ದೆ ಹತ್ತಿಯಿಂದ ಅವಳ ಮುಖದ ಪೌಡರ್ ಒರೆಸಿದರು. ಆಗ ನನಗೆ ಅವರ ಕೈ ಕಂಡಿತು.

ಬೆರಳಿನ ತುದಿಗಳು, ಗೆಣ್ಣುಗಳು, ಮಣಿಕಟ್ಟಿನ ಸುತ್ತ ಬಳೆಯ ಹಾಗೆ. ಬಿಳಿ. ಇದರಲ್ಲಿ ನನಗೆ ಅನುಮಾನವೇ ಇರಲಿಲ್ಲ, ಅಕ್ಕನ ಕೈಯೇ ಅದು. ಆ ಕೈ ನನ್ನ ಮಗುವಿನ ಕೆನ್ನೆಯ ಮೇಲೆ ಆಡುತ್ತಿತ್ತು. ನಾನು ಗೊತ್ತಿಲ್ಲದೆ ಸ್ಟೂಲನ್ನು ಹಿಡಿದು ಒಂದು ಗೇಣು ಹಿಂದಕ್ಕೆ ಎಳೆದೆ. ಸ್ಟೂಲಿನ ಕಾಲು ನೆಲಕ್ಕೆ ಕರ್ರ್ ಅಂದಿತು. ಮಗಳು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಡಾಕ್ಟ್ರಮ್ಮ ಸ್ಟೂಲು ಸರಿದಷ್ಟು ತಾವೂ ಮುಂದೆ ಸರಿದು ಕೂತರು, ಅಷ್ಟೇ.

ಅವರು ನೋಡುವ ರೀತಿ ನೋಡುತ್ತ ನಾನು ಮೆಲ್ಲಗೆ ಹೆದರಿಕೆ ಮರೆತೆ. ನಾವು ಕಿಟಕಿ ಬೆಳಕಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಅವರು ಹತ್ತು ಪಟ್ಟು ನಿಧಾನವಾಗಿ ಮಾಡುತ್ತಿದ್ದರು. ಮೊದಲು ದೂರದಿಂದ. ಆಮೇಲೆ ಹತ್ತಿರದಿಂದ, ದೀಪ ಇರುವ ಒಂದು ಭೂತಗನ್ನಡಿ ಕೆನ್ನೆಗೆ ಒತ್ತಿ. ಚರ್ಮವನ್ನು ಎರಡು ಬೆರಳಲ್ಲಿ ಹಿಗ್ಗಿಸಿ. ಕಣ್ಣು ಮುಚ್ಚಿಸಿ ರೆಪ್ಪೆಯನ್ನು, ತುಟಿಯ ಅಂಚನ್ನು, ಕಿವಿಯ ಹಿಂದೆ, ಮೊಣಕೈಯನ್ನು, ಉಗುರಿನ ಬುಡವನ್ನು. ನನ್ನನ್ನೂ ಕರೆದರು.

"ಅಮ್ಮ, ಇದ್ರೊಳಗೆ ಕಾಣಿ. ಬಿಳಿ ಜಾಗದ ಮೇಲೆ ಸಣ್ಣ ಸಣ್ಣ ರೋಮ ಇತ್ತಲ್ಲ, ಎಂತ ಬಣ್ಣ?"

ಬಗ್ಗಿ ನೋಡಿದೆ. ಮಗುವಿನ ಕೆನ್ನೆ ಕೊಯ್ಲಾದ ಗದ್ದೆಯ ಹಾಗೆ ಅಗಲವಾಗಿ ಹರಡಿತ್ತು. ಆ ಗದ್ದೆಯಲ್ಲಿ ಕೂಳೆಯ ಹಾಗೆ ರೋಮ.

"ಕಪ್ಪು."

"ಬಿಳಿಯ ಅಂಚ್ ಎಲ್ಲಿ ಮುಗೀತ್ತ್?"

ಹುಡುಕಿದೆ. ಮುಗಿಯುವ ಜಾಗ ಸಿಗಲಿಲ್ಲ. ನೀರಿಗೆ ಬಿದ್ದ ಹಾಲಿನ ಹಾಗೆ ಮೆಲ್ಲಗೆ ಮಾಯವಾಗುತ್ತಿತ್ತು. ಹಾಗೆಂದೆ.

"ಸರಿಯಾಗಿ ಕಾಂತ್ರಿ ನೀವು" ಅಂದರು. "ಈಗ ಒಂದ್ ಸರ್ತಿ ಕತ್ತಲೆ ಮಾಡುವ. ಹೆದ್ರುದ್ ಬೇಡ ಮಗಾ."

ಕಿಟಕಿಯ ಪರದೆ ಎಳೆದು ಬಾಗಿಲು ಹಾಕಿ ಲೈಟ್ ಆರಿಸಿದರು. ಹೊರಗೆ ಬೆಳಿಗ್ಗೆ ಹನ್ನೊಂದರ ಬಿಸಿಲು, ಒಳಗೆ ಕಣ್ಣಿಗೆ ಕಣ್ಣು ಕಾಣದ ಕತ್ತಲೆ. ಸ್ವಲ್ಪ ಹೊತ್ತು ಸುಮ್ಮನಿರಿ, ಕಣ್ಣು ಹೊಂದಿಕೊಳ್ಳಲಿ ಅಂದರು. ಆಮೇಲೆ ಟಿಕ್ ಅಂತ ಸದ್ದಾಯಿತು, ನೇರಳೆ ಬಣ್ಣದ ಒಂದು ಬೆಳಕು ಹೊತ್ತಿಕೊಂಡಿತು. ಬೆಳಕು ಅನ್ನಬೇಕೋ, ಕತ್ತಲೆಯೇ ಸ್ವಲ್ಪ ನೇರಳೆಯಾಯಿತು ಅನ್ನಬೇಕೋ. ಮೊದಲು ಕಂಡದ್ದು ಹುಡುಗಿಯ ಹಲ್ಲು. ಅವಳು ನಗುತ್ತಿದ್ದಳು ಅಂತ ಹಲ್ಲಿನಿಂದ ಗೊತ್ತಾಯಿತು. ಮಗಳ ಸೀರೆಯ ಬಿಳಿ ಅಂಚು, ನನ್ನ ರವಿಕೆಯ ದಾರ, ಎಲ್ಲೋ ಮೆತ್ತಿದ್ದ ಹತ್ತಿಯ ಎಳೆ, ಎಲ್ಲ ಕತ್ತಲಲ್ಲಿ ತೇಲುತ್ತಿದ್ದವು.

ಡಾಕ್ಟ್ರಮ್ಮ ದೀಪವನ್ನು ಮಗುವಿನ ಕೆನ್ನೆಗೆ ತಂದರು. ಒಂದು ವಾರದಿಂದ ದಿನಕ್ಕೆ ಹತ್ತು ಸಲ ನೋಡಿದ ಬಿಳಿ, ಕಣ್ಣು ಮುಚ್ಚಿದರೂ ಕಾಣುತ್ತಿದ್ದ ಬಿಳಿ, ಆ ಬೆಳಕಿನಲ್ಲಿ ಇತ್ತೋ ಇಲ್ಲವೋ ಅನ್ನುವಷ್ಟು ಮಬ್ಬು. ಸುತ್ತಲಿನ ಕೆನ್ನೆಗೂ ಅದಕ್ಕೂ ದೊಡ್ಡ ಅಂತರವೇ ಇರಲಿಲ್ಲ.

"ಈಗ ನನ್ ಕೈ ಕಾಣಿ" ಅಂದರು ಡಾಕ್ಟ್ರಮ್ಮ. ಮಗುವಿನ ಕೆನ್ನೆಯ ಪಕ್ಕದಲ್ಲಿ ತಮ್ಮ ಕೈ ಹಿಡಿದರು, ನಾವು ಗೊತ್ತಿರುವ ತಿರುಳನ್ನು ಗೊತ್ತಿಲ್ಲದ್ದರ ಪಕ್ಕಕ್ಕೆ ಇಡುವ ಹಾಗೆ.

ಅದನ್ನು ಹೇಗೆ ಹೇಳುವುದು ನನಗೆ ಗೊತ್ತಿಲ್ಲ. ಕೆಲವು ವರ್ಷ ನಮ್ಮ ಕಡಲಲ್ಲಿ ಅಲೆ ಒಡೆದ ಜಾಗದಲ್ಲಿ ನೀಲಿ ಬೆಳಕು ಏಳುತ್ತದೆ, ಊರವರೆಲ್ಲ ಹೋಗಿ ನೋಡಿ ಬರುತ್ತಾರೆ, ಹಾಗೆ ಅವರ ಕೈ ಹೊತ್ತಿಕೊಂಡಿತು. ಬೆರಳ ತುದಿ, ಗೆಣ್ಣು, ಮಣಿಕಟ್ಟು. ಒಳಗಿನಿಂದಲೇ ದೀಪ ಇಟ್ಟ ಹಾಗೆ ನೀಲಿಬಿಳಿ. ಹೊಳೆಯುವ ಜಾಗಕ್ಕೂ ಹೊಳೆಯದ ಜಾಗಕ್ಕೂ ನಡುವೆ ಗೆರೆ ಎಳೆದಷ್ಟು ಚೊಕ್ಕ ಅಂಚು.

ಮೊದಲು ಬಾಯಿ ಬಂದದ್ದು ಹುಡುಗಿಗೆ. "ಡಾಕ್ಟ್ರಮ್ಮ, ನಿಮ್ ಕೈ ಎಷ್ಟ್ ಚಂದ ಇತ್ತ್. ನಂಗ್ ಎಂತಕೆ ಹಾಂಗೆ ಕಾಂತಿಲ್ಲೆ?"

"ನಿಂಗೆ ತೊನ್ನಿಲ್ಲೆ ಮಗಾ. ನಂಗ್ ಇತ್ತ್. ಅದಕ್ಕೆ."

ಆ ಶಬ್ದವನ್ನು ಅವರು ಬೆಂಚು, ಬಾಗಿಲು ಅಂದಷ್ಟು ಸುಲಭವಾಗಿ ಹೇಳಿಬಿಟ್ಟರು. ನಮ್ಮ ಮನೆಯಲ್ಲಿ ಅಕ್ಕ ಬದುಕಿದ್ದಷ್ಟು ಕಾಲ ಯಾರ ಬಾಯಲ್ಲೂ ಬಾರದ ಶಬ್ದ. ನಾನು ಗೋಡೆಗೆ ಒರಗಿದೆ. ನಿಂಗೆ ಇಲ್ಲೆ, ನಿಂಗೆ ಇಲ್ಲೆ ಅಂತ ಕಿವಿಯಲ್ಲಿ ಗುಂಯ್ಗುಡುತ್ತಿತ್ತು.

ಆಗ ಹುಡುಗಿ ಕಿಸಕ್ಕನೆ ನಕ್ಕಳು. "ಅಮ್ಮಮ್ಮ, ನಿನ್ನ್ ಮೋರಿ ಬದಿಯಲ್ಲ್ ಹಳದಿ."

ಡಾಕ್ಟ್ರಮ್ಮ ದೀಪವನ್ನು ನನ್ನ ಕಡೆ ತಿರುಗಿಸಿದರು. ಮಗಳು ಗೋಡೆಯ ಕನ್ನಡಿಯ ಕಡೆಗೆ ನನ್ನ ಭುಜ ಹಿಡಿದು ತಿರುಗಿಸಿದಳು. ಕನ್ನಡಿಯಲ್ಲಿ ನನ್ನ ಮುಖ ಕಾಣಲಿಲ್ಲ, ಕೆನ್ನೆಯ ಹಿಂಬದಿಯಿಂದ ಕಿವಿಯ ಕೆಳಗಾಗಿ ಕುತ್ತಿಗೆಗೆ ಇಳಿದ ಒಂದು ದಾರಿ ಮಾತ್ರ ಕಂಡಿತು, ತಾಮ್ರದ ಹುಡಿ ಚಿಮುಕಿಸಿದ ಹಾಗೆ ಹಳದಿಯಾಗಿ ಮಿನುಗುತ್ತ. ಆ ಜಾಗ ಮಾಸಲು ಬಿಳಿಯಾಗಿದೆ ಅಂತ ನನಗೆ ಮೊದಲಿಂದ ಗೊತ್ತು. ಫ್ಯಾಕ್ಟರಿಯ ಬಿಸಿ ಹೊಡೆದದ್ದು, ಇನ್ನು ಹೋಗುವುದಲ್ಲ ಅಂತ ವರ್ಷಗಟ್ಟಲೆ ತಿಳಿದಿದ್ದೆ.

"ಇದ್ ಕಾಣಿ ಚಿಬ್ಬು" ಅಂದರು ಡಾಕ್ಟ್ರಮ್ಮ. "ಮೊಮ್ಮಗಳ ಮೋರಿಯಲ್ಲ್ ಹುಡ್ಕಿದ್ದ್ ನಿಮ್ಮ್ ಮೋರಿಯಲ್ಲ್ ಇತ್ತ್. ಎಲ್ಲರ ಚಿಬ್ಬೂ ಹೀಂಗೆ ಹೊಳಿತಿಲ್ಲೆ, ನಿಮ್ಮದ್ ಚಂದ ಹೊಳಿತ್ತ್."

ಮಗಳು ನಗಲಿಕ್ಕೆ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಒಂದು ವಾರದಿಂದ ಅವಳೂ ಎಷ್ಟು ಬಿಗಿಹಿಡಿದಿದ್ದಳು ಅಂತ ನನಗೆ ಆಗ ಗೊತ್ತಾಯಿತು. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಕಣ್ಣೀರು ಒರೆಸಿಕೊಂಡ ಮೇಲೆ ಇನ್ನೂ ಸ್ವಲ್ಪ ಹೊತ್ತು ಒರೆಸಿಕೊಳ್ಳುತ್ತಲೇ ಇದ್ದಳು.

ಒಂದು ಸಣ್ಣ ಕತ್ತಲೆ ಕೋಣೆ. ಅದರಲ್ಲಿ ಮೂರು ಬಿಳಿ. ಹಗಲಿನಲ್ಲಿ ಮೂರೂ ಅಕ್ಕತಂಗಿಯರ ಹಾಗೆ ಇದ್ದವು. ಕತ್ತಲಲ್ಲಿ ಒಂದು ಕಡಲಿನ ಹಾಗೆ ನೀಲಿ, ಒಂದು ತಾಮ್ರದ ಹಳದಿ, ಒಂದು ಇಲ್ಲವೇ ಇಲ್ಲ. ಅಷ್ಟು ವರ್ಷ ನಾನು ಬೆಳಕು ಹುಡುಕಿ ಕಿಟಕಿಯ ಪಕ್ಕ ಜಾಗ ಹಿಡಿದವಳು. ಕತ್ತಲೆ ಮಾಡಿದರೆ ಬಣ್ಣ ತಾನೇ ಎದ್ದು ಬಂದು ಹೆಸರು ಹೇಳುತ್ತದೆ ಅಂತ ನನಗೆ ಯಾರು ಹೇಳಬೇಕಿತ್ತು? ಮಂಡೆಯ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟೆ. ಮನುಷ್ಯರ ಚರ್ಮದೊಳಗೆ ಇಂಥದ್ದೆಲ್ಲ ಇಟ್ಟವನು ಯಾರೋ, ಅದನ್ನು ಕಾಣುವ ದೀಪ ಮಾಡಿದವನು ಯಾರೋ. ಇಬ್ಬರಿಗೂ ಮನಸ್ಸಿನಲ್ಲೇ ಕೈಮುಗಿದೆ.

ಲೈಟ್ ಹಾಕಿದ ಮೇಲೆ ಡಾಕ್ಟ್ರಮ್ಮ ಬಿಡಿಸಿ ಹೇಳಿದರು. ಹುಡುಗಿಯದ್ದು ಒಣ ಚರ್ಮದ ಮಕ್ಕಳಿಗೆ ಬರುವ ಮಚ್ಚೆ. ಬಣ್ಣ ಸ್ವಲ್ಪ ಕಮ್ಮಿಯಾಗಿರುತ್ತದೆ, ಪೂರ್ತಿ ಹೋಗಿರುವುದಿಲ್ಲ. ಬಿಸಿಲಿಗೆ ಸುತ್ತಲಿನ ಕೆನ್ನೆ ಕಪ್ಪಾಯಿತು, ಅದು ಕಪ್ಪಾಗಲಿಲ್ಲ, ಹಾಗಾಗಿ ಎದ್ದು ಕಂಡಿತು. ಹೊಟ್ಟೆಹುಳದಿಂದ ಬರುತ್ತದೆ ಅಂತ ಜನ ಹೇಳುವುದು ಸುಳ್ಳು. ಮಿಂದ ಕೂಡಲೇ ಚರ್ಮ ಹಸಿ ಇರುವಾಗ ಹಚ್ಚಲಿಕ್ಕೆ ಒಂದು ಕ್ರೀಮ್ ಹೇಳಿದರು. ತಿಂಗಳುಗಟ್ಟಲೆ ಹಿಡಿಯಬಹುದು, ಹೋದದ್ದು ಇನ್ನೊಂದು ಬೇಸಿಗೆಗೆ ಬಂದರೂ ಬರಬಹುದು, ಹೆದರಬೇಡಿ, ಮಳೆಗಾಲ ಮುಗಿದ ಮೇಲೆ ಒಂದು ಸಲ ತೋರಿಸಿ ಅಂದರು. ನನಗೂ ಒಂದು ಮದ್ದು. ಬಾವಂಚಿ ಎಣ್ಣೆ ತರಿಸಿದ್ದನ್ನು ಮಗಳು ಹೇಳಿಬಿಟ್ಟಳು. ಅದನ್ನು ಹಚ್ಚಿ ಬಿಸಿಲಿಗೆ ಬಿಟ್ಟಿದ್ದರೆ ಕೆನ್ನೆ ಬೊಬ್ಬೆ ಎದ್ದು ಸುಡುತ್ತಿತ್ತಂತೆ. ಇಲ್ಲದ ಕಲೆಗೆ ಹೆದರಿ ಇರುವ ಕಲೆ ಮಾಡಿಬಿಡುತ್ತಿದ್ದೆ ನಾನು.

"ಮೀನು?" ಅಂತ ಕೇಳಿದಳು ಹುಡುಗಿ.

"ತಿನ್ನ್. ಹಾಲೂ ಕುಡಿ. ಮೀನ್ ತಿಂದ್ ಹಾಲ್ ಕುಡ್ದ್ರೆ ತೊನ್ನ್ ಬತ್ತಿಲ್ಲೆ."

ಹೊರಡುವ ಮೊದಲು ನಾನು ಕೇಳಿದೆ, ಕೇಳದೆ ಇರಲಿಕ್ಕೆ ಆಗಲಿಲ್ಲ. "ಡಾಕ್ಟ್ರಮ್ಮ, ನನ್ನಕ್ಕನಿಗಿತ್ತ್ ನಿಮ್ಮ್ ಹಾಂಗೆ. ಅದ್ ಮುಟ್ಟಿದ್ರೆ..."

"ಮುಟ್ಟಿದ್ರೆ ಬತ್ತಿಲ್ಲೆ ಅಮ್ಮ. ಒಂದೇ ಬಟ್ಲಲ್ಲ್ ಉಂಡ್ರೂ ಬತ್ತಿಲ್ಲೆ. ನಂಗೆ ಎರಡ್ ಮಕ್ಳ್, ನಾನೇ ಉಣ್ಸಿ ದೊಡ್ಡ್ ಮಾಡಿದ್ದ್."

ಮೇಜಿನ ಮೇಲೆ ಅವರ ಕೈ ಇತ್ತು. ನಾನು ನನ್ನ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡೆ. ಬೆಚ್ಚಗಿತ್ತು, ಬೇರೆ ಯಾರ ಕೈಯಾದರೂ ಇರುವಷ್ಟೇ. ಸ್ಟೂಲು ಎಳೆದದ್ದಕ್ಕೆ ಏನಾದರೂ ಹೇಳಬೇಕು ಅಂದುಕೊಂಡೆ, ಕೈಯನ್ನು ಇನ್ನಷ್ಟು ಒತ್ತಿ ಹಿಡಿದೆ. ಅವರು ಕೈ ಬಿಡಿಸಿಕೊಳ್ಳದೆ ಇನ್ನೊಂದು ಕೈಯಲ್ಲಿ ಮದ್ದಿನ ಚೀಟಿ ಬರೆದರು, ಕಾಗದ ಜಾರದ ಹಾಗೆ ಹುಡುಗಿ ಒತ್ತಿ ಹಿಡಿದುಕೊಂಡಳು.

ಅಲ್ಲಿಂದ ನೇರ ಮೀನು ಮಾರ್ಕೆಟ್ಟಿಗೆ ಹೋದೆವು. ಬಂಗುಡೆಯನ್ನು ಆರಿಸಿದ್ದು ಹುಡುಗಿಯೇ. ಮನೆಗೆ ಬಂದು ಒಲೆಯ ಮುಂದೆ ಕೂತಾಗ ನನಗೆ ಒಂದೊಂದು ಸಲ ನಗು, ಒಂದೊಂದು ಸಲ ಅಳು. ಅಳು ಅಕ್ಕನದ್ದು. ಅವಳ ಕೈಯನ್ನು ಕತ್ತಲಲ್ಲಿ ಆ ದೀಪದ ಕೆಳಗೆ ಯಾರೂ ನೋಡಲೇ ಇಲ್ಲವಲ್ಲ, ನೋಡಿದ್ದರೆ ನಾನೇ ಮೊದಲು ಚಂದ ಅನ್ನುತ್ತಿದ್ದೆನೋ ಏನೋ. ಅಳಿಯ ರಾತ್ರಿ ಬಂದವನು ವಿಷಯ ಎಲ್ಲ ಕೇಳಿ, "ಅತ್ತೆ, ನಿಮ್ಮ್ ಚಿಬ್ಬ್ ಒಂದ್ ಕಾಂಬ" ಅಂತ ಟಾರ್ಚು ಹಿಡಿದುಕೊಂಡು ಬಂದ. ಇಷ್ಟು ವರ್ಷದಲ್ಲಿ ಅವನು ನನ್ನ ಹತ್ತಿರ ಮಾಡಿದ ಮೊದಲ ತಮಾಷೆ ಅದು.

ಕ್ರೀಮನ್ನು ನಾನೇ ಹಚ್ಚುತ್ತಿದ್ದೆ. ಮಿಂದು ಬಂದವಳ ಒದ್ದೆ ಮುಖಕ್ಕೆ, ದಿನಾ. ಮಳೆ ಹಿಡಿಯಿತು, ಗದ್ದೆಯ ಆಟ ನಿಂತಿತು, ಮುಖದ ಹಂಚಿನ ಬಣ್ಣ ಇಳಿಯಿತು. ಕೆನ್ನೆಯ ಬಿಳಿ ಯಾವ ದಿನ ಹೋಯಿತು ಅಂತ ಕೇಳಿದರೆ ಹೇಳಲಾರೆ. ಒಂದು ದಿನ ಹಚ್ಚುವಾಗ ಬೆರಳಿಗೆ ಜಾಗ ಸಿಗಲಿಲ್ಲ, ಆಮೇಲೆ ಇಡೀ ಮುಖಕ್ಕೆ ಹಚ್ಚತೊಡಗಿದೆ. ನನ್ನ ಕುತ್ತಿಗೆಯದ್ದೂ ಆ ಹೊತ್ತಿಗೆ ಮಾಸಿತು.

ಹೊಸ ಅಕ್ಕಿಯ ಹೊಸ್ತಿನ ಊಟ ಮುಗಿದ ಮಾರನೆಯ ವಾರ, ಹೇಳಿದ ಹಾಗೆಯೇ ಮೂವರೂ ಕುಂದಾಪುರಕ್ಕೆ ಹೋದೆವು. ಡಾಕ್ಟ್ರಮ್ಮ ಹುಡುಗಿಯನ್ನು ಅದೇ ಸ್ಟೂಲಿನ ಮೇಲೆ ಕೂರಿಸಿ ಮುಖವನ್ನು ಬೆಳಕಿಗೆ ತಿರುಗಿಸಿದರು, ಈ ಕಡೆ ನೋಡಿದರು, ಆ ಕಡೆ ನೋಡಿದರು.

"ಅಮ್ಮ, ಯಾವ ಕೆನ್ನಿ ಆಗಿತ್ತ್?"

"ಎಡದ್ದ್" ಅಂದೆ.

"ಬಲದ್ದಲ್ದಾ ಅಮ್ಮ" ಅಂದಳು ಮಗಳು. "ನಾ ಜಡೆ ಹಾಕುವಾಗ ಈ ಬದಿ ಕೂತಿದ್ದೆ."

"ಎರಡೂ ಅಲ್ಲ, ಗದ್ದದ ಮೇಲೆ" ಅಂದಳು ಹುಡುಗಿ, ನಮ್ಮಿಬ್ಬರಿಗೂ ಏನೂ ತಿಳಿಯುವುದಿಲ್ಲ ಅನ್ನುವ ಹಾಗೆ.

ನಾನು ಕನ್ನಡಕ ಒರೆಸಿ ಹಾಕಿಕೊಂಡು ಕಿಟಕಿ ಹತ್ತಿರ ಕರೆದುಕೊಂಡು ಹೋಗಿ ನೋಡಿದೆ. ಎಡ, ಬಲ, ಗದ್ದ. ಎಲ್ಲ ಕಡೆಯೂ ಒಂದೇ ಕೆನ್ನೆ. ಒಂದು ವಾರ ನನ್ನ ನಿದ್ದೆ ತಿಂದ ಜಾಗ ಎಲ್ಲಿತ್ತು ಅಂತ ನನಗೇ ಗೊತ್ತಾಗಲಿಲ್ಲ. ಡಾಕ್ಟ್ರಮ್ಮ ಹಳೆಯ ಚೀಟಿ ತೆಗೆದು ಓದಿಕೊಂಡು ನಕ್ಕರು.

"ಇದ್ರಲ್ಲ್ ಬರ್ದಿಟ್ಟಿದ್ದೆ" ಅಂದರು, ಚೀಟಿಯನ್ನು ಮೇಜಿನ ಮೇಲೆ ಕವುಚಿ ಹಾಕಿ. "ಹೇಳ್ತಿಲ್ಲೆ."